ಇದ್ದವರಿಗೆ ಹೆಚ್ಚು, ಬಂದವರಿಗೆ ಕಡಿಮೆ: ನಮ್ಮ ಐದು ತಾಲ್ಲೂಕಿನ ಕಂದಾಯದ ಕಥೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಯಾವ ಊರಿಗೆ ಹೋದರೂ ಈಗ ಒಬ್ಬರಲ್ಲ ಒಬ್ಬರು ನಿವೃತ್ತರು ಸಿಗುತ್ತಾರೆ. ಮೇಷ್ಟ್ರಾಗಿ, ಬಸ್ ಡ್ರೈವರ್ ಆಗಿ, ಸೈನಿಕರಾಗಿ, ಬ್ಯಾಂಕಿನ ಗುಮಾಸ್ತರಾಗಿ ಮೂವತ್ತು ನಲವತ್ತು ವರ್ಷ ಹೊರಗೆ ದುಡಿದು, ಪಿಂಚಣಿ ಹಿಡಿದು ಊರಿಗೆ ಮರಳಿದವರು. ಹಿರೀಕರ ಜಾಗದಲ್ಲಿ ಒಂದು ಮನೆ ಕಟ್ಟಿಸಬೇಕು ಎಂದು ಹೊರಟಾಗ ಅವರು ಕೇಳುವ ಪ್ರಶ್ನೆಗಳು ಎರಡು. ಇಲ್ಲಿ ಮನೆ ಕಂದಾಯ ಎಷ್ಟು? ವಯಸ್ಸಾದವರಿಗೆ ಏನಾದರೂ ರಿಯಾಯಿತಿ ಇದೆಯಾ?

ಹೊರದೇಶದಲ್ಲೂ ಇದೇ ಪ್ರಶ್ನೆ ದೊಡ್ಡ ರಾಜಕೀಯವಾಗಿದೆ. ಅಮೆರಿಕದಲ್ಲಿ ಮನೆ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲಸ ಬಿಟ್ಟ ಮೇಲೆ ತೆರಿಗೆ ಕಡಿಮೆ ಇರುವ ರಾಜ್ಯ ಹುಡುಕಿಕೊಂಡು ಹೋಗುವವರು ಅಲ್ಲಿ ಬಹಳ. ಕ್ಯಾಲಿಫೋರ್ನಿಯಾದ ಜನ 1978ರಲ್ಲಿ ಮತ ಹಾಕಿ, ಮನೆ ತೆರಿಗೆ ಮನಬಂದಂತೆ ಏರದ ಹಾಗೆ ಕಟ್ಟುಹಾಕಿದರು. 2020ರಲ್ಲಿ ಅದೇ ರಾಜ್ಯದಲ್ಲಿ ಇನ್ನೊಂದು ಮತದಾನವಾಗಿ, 55 ವರ್ಷ ದಾಟಿದವರು ರಾಜ್ಯದೊಳಗೆ ಬೇರೆ ಮನೆಗೆ ಹೋದರೂ ಹಳೆಯ ಮನೆಯ ಕಡಿಮೆ ತೆರಿಗೆ ಲೆಕ್ಕವನ್ನೇ ಜೊತೆಗೆ ಒಯ್ಯಬಹುದು ಎಂದಾಯಿತು.

ಇದನ್ನೆಲ್ಲ ಓದಿದವರಿಗೆ ಇದು ಶ್ರೀಮಂತ ದೇಶದ ಮಾತು ಅನ್ನಿಸಬಹುದು. ಆದರೆ ಕಂದಾಯ ಹೆಚ್ಚಾದರೆ ಗಂಟುಮೂಟೆ ಕಟ್ಟಿ ಕಡಿಮೆ ಇರುವ ಕಡೆ ನಡೆಯುವುದು, ಬಂದವರಿಗೆ ರಿಯಾಯಿತಿ ಕೊಟ್ಟು ಕೂರಿಸಿಕೊಳ್ಳುವುದು ನಮ್ಮ ಈ ಐದು ತಾಲ್ಲೂಕಿಗೆ ಇನ್ನೂರು ವರ್ಷಕ್ಕೂ ಹಿಂದಿನ ಸಂಗತಿ. ಅದರ ಕಥೆ ತಿಳಿದರೆ ಇವತ್ತಿನ ಪ್ರಶ್ನೆಗೂ ಸ್ವಲ್ಪ ಬೆಳಕು ಸಿಗುತ್ತದೆ.

ಕಲ್ಲಿನಲ್ಲಿ ಬರೆದ ಮಾಫಿ

ಇವತ್ತು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿರುವ ಕೋಗಳಿ ಒಂದು ಕಾಲಕ್ಕೆ ಇಡೀ ಸೀಮೆಗೆ ಹೆಸರು ಕೊಟ್ಟ ಊರು. ಶಾಸನಗಳಲ್ಲಿ ಅದು 'ಕೋಗಳಿ 500'. ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಚಾಲುಕ್ಯರ ಕಾಲದ ಶಾಸನಗಳು ಹತ್ತಾರು ಇವೆ. ಆ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು 'ಸರ್ವನಮಸ್ಯ'. ಅಂದರೆ ಈ ಭೂಮಿಗೆ ಯಾವ ತೆರಿಗೆಯೂ ಇಲ್ಲ ಎಂದು. ಗುಡಿಗೆ, ಅಗ್ರಹಾರಕ್ಕೆ ಕೊಟ್ಟ ಭೂಮಿ ಹೀಗೆ ಮಾಫಿಯಾಗುತ್ತಿತ್ತು. ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ 'ನೆತ್ತರುಗೊಡಗೆ' ಎಂಬ ಹೆಸರಿತ್ತು. ಕೆರೆ ಕಟ್ಟಿಸಿ ನೋಡಿಕೊಳ್ಳುವವರಿಗೆ ಕೆರೆಗೊಡಗೆ.

ಆಗಲೂ ರಿಯಾಯಿತಿ ಇತ್ತು, ಆದರೆ ಅದು ವಯಸ್ಸಿಗೆ ಸಿಕ್ಕದ್ದಲ್ಲ. ಮಾಡಿದ ಸೇವೆಗೆ, ಕೊಟ್ಟ ಪ್ರಾಣಕ್ಕೆ ಸಿಕ್ಕದ್ದು. ಮಳೆ ನಂಬಿ ಉತ್ತು ಬಿತ್ತುವ ಸಾಮಾನ್ಯ ಒಕ್ಕಲಿಗೆ ಕಲ್ಲಿನ ಮೇಲೆ ಬರೆದ ಮಾಫಿ ಸಿಗುತ್ತಿರಲಿಲ್ಲ. ಅವನ ಬಳಿ ಇದ್ದದ್ದು ಬೇರೆಯೇ ಉಪಾಯ: ಗುಳೆ.

ಕೌಲು ಮತ್ತು ಪಾಯಕಾರಿ

ವಿಜಯನಗರ ಬಿದ್ದ ಮೇಲೆ ಈ ಸೀಮೆ ಪಾಳೆಗಾರರ ಕೈಗೆ ಹಂಚಿಹೋಯಿತು. ಹರಪನಹಳ್ಳಿಯಲ್ಲಿ ದೊಡ್ಡ ಪಾಳೆಪಟ್ಟು, ಕೂಡ್ಲಿಗಿ ಕಡೆ ಗುಡೇಕೋಟೆ, ಜರಿಮಲೆ. ಪಾಳೆಗಾರರ ಮೇಲೆ ಒಮ್ಮೆ ಮರಾಠರು, ಒಮ್ಮೆ ಹೈದರ್, ಟಿಪ್ಪು. ಯಾರು ಬಂದರೂ ಪೊಗದಿ ಕೇಳುವವರೇ. ಪಾಳೆಗಾರ ಅದನ್ನು ತೆಗೆಯುವುದು ಒಕ್ಕಲಿನಿಂದಲೇ.

ಆದರೆ ಆಗ ಭೂಮಿ ಹೆಚ್ಚು, ಜನ ಕಡಿಮೆ. ಒಕ್ಕಲು ಎದ್ದು ಹೋದರೆ ಹೊಲ ಬೀಳು. ಬೀಳು ಹೊಲದಿಂದ ಕಾಸು ಹುಟ್ಟುವುದಿಲ್ಲ. ನಾಲ್ಕು ಹರದಾರಿ ನಡೆದರೆ ಇನ್ನೊಬ್ಬರ ಸೀಮೆ. ಹಾಗಾಗಿ ಬೀಳು ಬಿದ್ದ ಭೂಮಿಗೆ ಜನರನ್ನು ಕರೆಯಲು ಆಳುವವರು 'ಕೌಲು' ಕೊಡುತ್ತಿದ್ದರು. ಬಂದು ಉಳುಮೆ ಮಾಡು, ಮೊದಲ ವರ್ಷ ಕಂದಾಯ ಸ್ವಲ್ಪವೇ ಕೊಡು, ವರ್ಷ ಕಳೆದಂತೆ ಏರಿಸಿ ಪೂರ್ತಿ ಮಾಡೋಣ ಎಂಬ ಕರಾರು ಪತ್ರ ಅದು.

ಊರಲ್ಲಿ ಮನೆ ಇಲ್ಲದೆ ಹೊರಗಿನಿಂದ ಬಂದು ಉಳುವವನಿಗೆ ಕಂದಾಯದ ಲೆಕ್ಕದಲ್ಲಿ 'ಪಾಯಕಾರಿ' ಎಂಬ ಹೆಸರಿತ್ತು. ಪಾಯಕಾರಿ ಸಾಮಾನ್ಯವಾಗಿ ಊರಿನ ಒಕ್ಕಲಿಗಿಂತ ಕಡಿಮೆ ಕೊಡುತ್ತಿದ್ದ. ಕಾರಣ ಸರಳ. ದರ ಸರಿಬರದಿದ್ದರೆ ಅವನು ಬಂದ ದಾರಿಯಲ್ಲೇ ಹೋಗಬಲ್ಲ. ಊರಿನ ಒಕ್ಕಲಿಗೆ ಮನೆ, ಬಾವಿ, ದೇವರು, ಬಂಧುಬಳಗ ಎಲ್ಲ ಅಲ್ಲೇ. ಅವನು ಹೋಗಲಾರ ಎಂದು ಗೌಡನಿಗೂ ಗೊತ್ತು, ಶಾನುಭೋಗನಿಗೂ ಗೊತ್ತು. ಹಾಗಾಗಿ ಇದ್ದವನಿಗೆ ಹೆಚ್ಚು, ಬಂದವನಿಗೆ ಕಡಿಮೆ. ಈ ಒಂದು ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದೇ ಮಾತು ಬೇರೆ ವೇಷದಲ್ಲಿ ಬರುತ್ತದೆ.

ದತ್ತ ಮಂಡಲ ಮತ್ತು ಮನ್ರೋ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ. ಹರಪನಹಳ್ಳಿಯ ಸೋಮಶೇಖರ ನಾಯಕ ಕಂಪನಿಗೆ ಶರಣಾದ. 1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮ ತನಗಾಗಿ ಇಡುವ ಕಂಪನಿ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಸೀಮೆಯನ್ನು ಬಿಟ್ಟುಕೊಟ್ಟ. ಕೊಟ್ಟ ಸೀಮೆಯಾದ್ದರಿಂದ 'ದತ್ತ ಮಂಡಲ' ಎಂಬ ಹೆಸರು ಬಂತು.

ಇದಕ್ಕೆ ಪ್ರಧಾನ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಅವನ ಕೈಕೆಳಗಿನ ಸಬ್ ಕಲೆಕ್ಟರುಗಳಲ್ಲಿ ಒಬ್ಬ ಹರಪನಹಳ್ಳಿಯಲ್ಲೇ ಕೂರುತ್ತಿದ್ದ. ಇಡೀ ದತ್ತ ಮಂಡಲದಲ್ಲಿ ಆಗ ಸುಮಾರು 80 ಪಾಳೆಗಾರರು ಇದ್ದರು. ಮನ್ರೋ ಅವರ ಕೈಯಿಂದ ಕಂದಾಯ ವಸೂಲಿಯ ಅಧಿಕಾರ ಕಿತ್ತುಕೊಂಡ. ಹಲವರಿಗೆ ಪಿಂಚಣಿ ಕಟ್ಟಿ ಕೂರಿಸಿದ. ನಮ್ಮ ಸೀಮೆ ಪಿಂಚಣಿದಾರರನ್ನು ಮೊದಲು ಕಂಡದ್ದು ಹೀಗೆ!

ಪಾಳೆಗಾರನಿಗೆ ಪಿಂಚಣಿಯಾಯಿತು, ಒಕ್ಕಲಿನ ಪಾಡೇನು? ಮನ್ರೋ 1802ರಿಂದ ಹೊಲ ಹೊಲ ಅಳೆಸಿದ. ಅಳತೆಯ ಸರಪಳಿ 33 ಅಡಿ ಉದ್ದ. ಇವತ್ತಿಗೂ ನಮ್ಮ ಗುಂಟೆ ಎಂದರೆ 33 ಅಡಿಗೆ 33 ಅಡಿ, ನಲವತ್ತು ಗುಂಟೆಗೆ ಒಂದು ಎಕರೆ. ಎರೆ ಯಾವುದು, ಮಸಾರಿ ಯಾವುದು, ನೀರಾವರಿ ಯಾವುದು, ತೋಟ ಯಾವುದು ಎಂದು ವಿಂಗಡಿಸಿ ಒಂದೊಂದು ಹೊಲಕ್ಕೂ ಇಷ್ಟು ಎಂದು ಕಂದಾಯ ಬರೆಸಿದ. ಇದೇ ರೈತವಾರಿ ಪದ್ಧತಿ. ಮಧ್ಯದಲ್ಲಿ ಜಮೀನ್ದಾರ ಇಲ್ಲ, ರೈತ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು.

ಊರು ಬಿಟ್ಟು ಹೋದವರನ್ನು ಮರಳಿ ಕರೆಸಲು ಮನ್ರೋ ಕೂಡ ಹಳೆಯ ಕೌಲಿನ ದಾರಿಯನ್ನೇ ಹಿಡಿದ. ಎತ್ತು, ಬೀಜಕ್ಕೆಂದು ತಕಾವಿ ಸಾಲವನ್ನೂ ಕೊಡಿಸಿದ. ಆದರೆ ಇನ್ನೊಂದು ಕಡೆ ಒಂದು ಕಠಿಣ ನಿಯಮವೂ ಇತ್ತು. ಒಬ್ಬ ರೈತ ಕಂದಾಯ ಕಟ್ಟಲಾರದೆ ಹೋದರೆ, ಒಂದು ಮಿತಿಯೊಳಗೆ ಅವನ ಬಾಕಿಯನ್ನು ಊರಿನ ಉಳಿದ ರೈತರೇ ತುಂಬಬೇಕು. ಅಂದರೆ ಬಿಟ್ಟುಹೋದವನ ಭಾರ ಉಳಿದವನ ತಲೆಗೆ.

ಹದಿಮೂರು ವರ್ಷದ ಕಾಯುವಿಕೆ

ಏಳು ವರ್ಷ ಈ ಸೀಮೆ ಸುತ್ತಿದ ಮೇಲೆ ಮನ್ರೋಗೆ ಒಂದು ವಿಷಯ ಖಚಿತವಾಯಿತು: ತಾನೇ ಹಾಕಿಸಿದ ಕಂದಾಯ ಜನರಿಗೆ ಭಾರವಾಗಿದೆ. ಅವನ ಲೆಕ್ಕದಲ್ಲಿ ಬೆಳೆದ ಬೆಳೆಯಲ್ಲಿ ಸುಮಾರು ಶೇ. 45 ಪಾಲು ಸರ್ಕಾರಕ್ಕೇ ಹೋಗುತ್ತಿತ್ತು. ಅದನ್ನು ಮೂರರಲ್ಲೊಂದು ಪಾಲಿಗೆ ಇಳಿಸಬೇಕು ಎಂದು 1807ರಲ್ಲಿ ಊರಿಗೆ ಹೊರಡುವ ಮುಂಚೆ ಮದ್ರಾಸಿಗೆ ಬರೆದ. ಎಲ್ಲ ಭೂಮಿಗೂ ಶೇ. 25 ಇಳಿಸಿ, ರೈತರೇ ನೀರೆತ್ತಿ ಬೆಳೆಯುವ ಭೂಮಿಗೆ ಇನ್ನೂ ಶೇ. 8 ಇಳಿಸಿ ಎಂಬುದು ಅವನ ಸಲಹೆ. ಭೂಮಿ ನನ್ನದು ಎಂಬ ಧೈರ್ಯ ಬರಬೇಕಾದರೆ ಕಂದಾಯ ಕಟ್ಟಿದ ಮೇಲೂ ರೈತನ ಕೈಯಲ್ಲಿ ಏನಾದರೂ ಉಳಿಯಬೇಕು ಎಂಬುದು ಅವನ ವಾದ.

ಸರ್ಕಾರ ಒಪ್ಪಲಿಲ್ಲ. ಬದಲಿಗೆ ಇಡೀ ಊರನ್ನೇ ಗುತ್ತಿಗೆ ಕೊಡುವ ಪದ್ಧತಿ ತಂದಿತು. ಮೊದಲು ಮೂರು ವರ್ಷದ ಗುತ್ತಿಗೆ, ಆಮೇಲೆ ಹತ್ತು ವರ್ಷದ್ದು. ಗುತ್ತಿಗೆ ಹಿಡಿದವರು ಹೆಚ್ಚಾಗಿ ಊರಿನ ಗೌಡರು, ರೆಡ್ಡಿಗಳೇ. ಮಳೆ ಕೈಕೊಟ್ಟ ವರ್ಷವೂ ಗುತ್ತಿಗೆ ಹಣ ತುಂಬಲೇಬೇಕು. ಅನೇಕ ಗುತ್ತಿಗೆದಾರರೇ ಮುಳುಗಿಹೋದರು. ಮುಳುಗುವ ಮುಂಚೆ ರೈತನಿಂದ ಹಿಂಡಿದ್ದು ಬೇರೆ.

ಮನ್ರೋ 1820ರಲ್ಲಿ ಮದ್ರಾಸಿನ ಗವರ್ನರ್ ಆಗಿ ಮರಳಿದ ಮೇಲೆ ರೈತವಾರಿ ಮತ್ತೆ ಬಂತು. ಹದಿಮೂರು ವರ್ಷ ಹಿಂದೆ ಬರೆದ ರಿಯಾಯಿತಿ ಆಗ ಜಾರಿಯಾಯಿತು: ಖುಷ್ಕಿ, ತರಿ ಭೂಮಿಗೆ ಶೇ. 25, ತೋಟಕ್ಕೆ ಶೇ. 33. ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಕೌಲಿನ ರಿಯಾಯಿತಿ ಸಿಗುತ್ತಿದ್ದದ್ದು ಬಂದವನಿಗೆ. ಈ ರಿಯಾಯಿತಿ ಸಿಕ್ಕಿದ್ದು ಊರಲ್ಲೇ ಉಳಿದವನಿಗೂ. 1827ರ ಜುಲೈನಲ್ಲಿ ಇದೇ ದತ್ತ ಮಂಡಲದ ಸಂಚಾರದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾ ಬಂದು ಮನ್ರೋ ತೀರಿಕೊಂಡ.

ಮನ್ರೋ ಕಂಪನಿಯ ಅಧಿಕಾರಿ. ಕಂಪನಿಗೆ ಬೇಕಿದ್ದದ್ದು ಕಂದಾಯವೇ. ಅದನ್ನು ಮರೆತು ಅವನನ್ನು ದೇವರು ಮಾಡುವುದು ಬೇಡ. ಕಡಿಮೆ ಕೇಳಿದರೆ ಜನ ನಿಲ್ಲುತ್ತಾರೆ, ಜನ ನಿಂತರೆ ಕಂದಾಯ ನಿಲ್ಲುತ್ತದೆ ಎಂಬ ಲೆಕ್ಕ ಅವನದು. ಆದರೆ ಆ ಲೆಕ್ಕ ಕಲಿಸಿದ್ದು ಊರು ಬಿಟ್ಟು ನಡೆದ ನಮ್ಮ ಕಡೆಯ ಒಕ್ಕಲುಗಳು.

ಜನ ಕದಲಲಿಲ್ಲ, ಗೆರೆ ಕದಲಿತು

ಹೊಲಕ್ಕೆ ಅಳತೆ, ನಂಬರು, ಪಟ್ಟಾ ಬಂದ ಮೇಲೆ ಗುಳೆಯ ಅರ್ಥ ಬದಲಾಯಿತು. ಸುತ್ತಮುತ್ತ ಎಲ್ಲ ಒಂದೇ ಸರ್ಕಾರದ ದರವಾದಾಗ ಕಂದಾಯಕ್ಕೆ ಹೆದರಿ ಹೋಗುವುದಾದರೂ ಎಲ್ಲಿಗೆ? ಆಮೇಲಿನ ಗುಳೆ ಬರಗಾಲಕ್ಕೆ ಹೆದರಿ, ಕೂಲಿ ಹುಡುಕಿ ಹೋದದ್ದು.

ಜನ ಅಲ್ಲೇ ಇದ್ದರು, ಅವರ ಸುತ್ತಲಿನ ಗೆರೆಗಳು ಮಾತ್ರ ಜರುಗುತ್ತಾ ಬಂದವು. 1953ರ ಅಕ್ಟೋಬರ್ 1ರಂದು ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳು ಬಳ್ಳಾರಿಯ ಜೊತೆ ಮದ್ರಾಸ್ ಬಿಟ್ಟು ಮೈಸೂರು ರಾಜ್ಯ ಸೇರಿದವು. 1997ರಲ್ಲಿ ಹರಪನಹಳ್ಳಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಬಳ್ಳಾರಿ ಸೇರಿದಂತೆ ಆರು ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಶೇಷ ಸ್ಥಾನಮಾನ ಸಿಕ್ಕಾಗ ಹರಪನಹಳ್ಳಿ ಹೊರಗುಳಿಯಿತು. ಜನ ವರ್ಷಗಟ್ಟಲೆ ಹೋರಾಡಿ 2018ರಲ್ಲಿ ತಾಲ್ಲೂಕನ್ನೇ ಬಳ್ಳಾರಿಗೆ ಮರಳಿಸಿಕೊಂಡರು. ಹಿಂದಿನವರು ಸವಲತ್ತು ಇದ್ದ ಕಡೆ ನಡೆದು ಹೋದರು, ಇವರು ಇದ್ದಲ್ಲೇ ಕೂತು ಅರ್ಜಿ, ಧರಣಿಗಳಿಂದ ಸವಲತ್ತನ್ನೇ ಕರೆಸಿಕೊಂಡರು. 2021ರಿಂದ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ.

ಮನೆ ಕಂದಾಯದ ಗೆರೆಯೂ ಹೀಗೇ ಜರುಗುತ್ತದೆ. ಹಳ್ಳಿಯ ಮನೆಗೆ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯ್ತಿ ಕಂದಾಯ ಹಾಕುತ್ತದೆ. ಪಟ್ಟಣದ ಮನೆಗೆ ಪಟ್ಟಣ ಪಂಚಾಯ್ತಿ ಅಥವಾ ಪುರಸಭೆಯ ಲೆಕ್ಕ ಬೇರೆ, ಅಲ್ಲಿ ಮಾಲೀಕನೇ ಸ್ವಯಂ ಘೋಷಣೆ ಮಾಡಿ ಕಟ್ಟಬೇಕು. ಗ್ರಾಮ ಪಂಚಾಯ್ತಿಯಾಗಿದ್ದ ಹಗರಿಬೊಮ್ಮನಹಳ್ಳಿ ಪಟ್ಟಣದ ಆಡಳಿತಕ್ಕೆ ಬಂದಾಗ ಅಲ್ಲಿನ ಮನೆಗಳು ಒಂದಿಂಚೂ ಕದಲದೆ ಬೇರೆ ಲೆಕ್ಕಕ್ಕೆ ಸೇರಿದವು.

ಹಾಗಾದರೆ ಹಿರಿಯರಿಗೆ ರಿಯಾಯಿತಿ?

ಪಟ್ಟಣದಲ್ಲಿ ಏಪ್ರಿಲ್ ತಿಂಗಳಲ್ಲೇ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ ಇದೆ. ಅದು ಬೇಗ ಕಟ್ಟಿದ್ದಕ್ಕೆ, ವಯಸ್ಸಾಗಿದ್ದಕ್ಕಲ್ಲ. ಅರವತ್ತು ದಾಟಿದರು ಎಂಬ ಒಂದೇ ಕಾರಣಕ್ಕೆ ಮನೆ ಕಂದಾಯ ಇಳಿಸುವ ಸಾಮಾನ್ಯ ನಿಯಮ ನಮ್ಮಲ್ಲಿಲ್ಲ. ಆದಾಯ ತೆರಿಗೆಯಲ್ಲಿ ಹಿರಿಯ ನಾಗರಿಕರಿಗೆ ಸಿಗುವ ಅನುಕೂಲವನ್ನು ಮನೆ ಕಂದಾಯಕ್ಕೂ ಇದೆ ಎಂದು ತಿಳಿದವರು ಇದನ್ನು ಗಮನಿಸಬೇಕು.

ಇರಬೇಕೇ ಎಂದು ಕೇಳಿದರೆ ನಮ್ಮ ಉತ್ತರ ಹೌದು. 'ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ' ಎಂಬ ವಯಸ್ಸಿನಲ್ಲಿ ಕಂದಾಯಕ್ಕೆ ಹೆದರಿ ಇನ್ನೊಂದು ಊರಿಗೆ ನಡೆಯಲು ಕಾಲು ಎಲ್ಲಿದೆ? ಆದರೆ ಯಾವ ಹಿರಿಯರಿಗೆ ಎಂಬುದನ್ನು ಪಾಯಕಾರಿಯ ಕಥೆ ನೆನಪಿಟ್ಟುಕೊಂಡು ಕೇಳಬೇಕು. ಪಿಂಚಣಿ ಹಿಡಿದು ಮರಳಿದವರಿಗೆ ಅರ್ಜಿ ಬರೆಯಲು ಬರುತ್ತದೆ, ಕಚೇರಿಯಲ್ಲಿ ಮಾತನಾಡಲು ಬರುತ್ತದೆ. ಎಪ್ಪತ್ತು ವರ್ಷ ಅದೇ ಓಣಿಯಲ್ಲಿದ್ದು ಕೂಲಿ ಮಾಡಿದ ಅಜ್ಜಿಗೆ ಎರಡೂ ಕಷ್ಟ. ರಿಯಾಯಿತಿ ಬಂದವರಿಗೆ ಮಾತ್ರ ಸಿಕ್ಕು, ಕಡಿಮೆಯಾದ ಹಣದಿಂದ ಬೀದಿ ದೀಪ, ಕುಡಿಯುವ ನೀರು ನಿಂತರೆ, ಅದು ಮತ್ತೆ ಇದ್ದವರಿಗೆ ಹೆಚ್ಚು, ಬಂದವರಿಗೆ ಕಡಿಮೆ ಎಂಬ ಹಳೆಯ ಲೆಕ್ಕವೇ. ಎಲ್ಲಿಂದ ಬಂದರು ಎಂದು ನೋಡದೆ ಕಟ್ಟುವ ಶಕ್ತಿ ಎಷ್ಟು ಎಂದು ನೋಡಿದರೆ ಮಾತ್ರ ಅದು 1820ರ ದಾರಿ.

ಕೇಳುವ ಜಾಗ ನಮ್ಮ ಊರಲ್ಲೇ ಇದೆ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಇನ್ನೊಂದು ಇದೆ, ಅದರ ಹೆಸರು ಜಮಾಬಂದಿ. ಮನ್ರೋ ಕಾಲದಲ್ಲಿ ಜಮಾಬಂದಿ ಎಂದರೆ ಸರ್ಕಾರದವರು ಕೂತು ಯಾವ ರೈತ ಎಷ್ಟು ಕಟ್ಟಬೇಕು ಎಂದು ಲೆಕ್ಕ ಹೇಳುವ ದಿನ. ಈಗ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಗ್ರಾಮ ಪಂಚಾಯ್ತಿ ಜಮಾಬಂದಿಯಲ್ಲಿ ಲೆಕ್ಕ ಹೇಳಬೇಕಾದವರು ಪಂಚಾಯ್ತಿಯವರು, ಕೇಳಬೇಕಾದವರು ನಾವು. ಎಷ್ಟು ಕಂದಾಯ ಬಂತು, ಯಾರದು ಬಾಕಿ, ಯಾವುದಕ್ಕೆ ಖರ್ಚಾಯಿತು ಎಂದು ಅಲ್ಲಿ ಕೇಳಬಹುದು. ಈ ಸಲ ನಿಮ್ಮ ಊರಿನ ಜಮಾಬಂದಿಗೆ ಹೋಗುವಾಗ ಪಿಂಚಣಿಯ ಮೇಷ್ಟ್ರೂ ಓಣಿಯ ಅಜ್ಜಿಯೂ ಜೊತೆಗೆ ಬರಲಿ.