ಹೆಸರು ಹಾಕಿದವರು ಉತ್ತರವನ್ನೂ ಹೇಳಬೇಕು

ಅಪರೂಪದ ಹೃದಯದ ಕಾಯಿಲೆಯೊಂದು ಒಂದೇ ಕುಟುಂಬದಲ್ಲಿ ಹರಿದುಬಂದಿದೆ ಎನ್ನುವ ಪ್ರಬಂಧವದು. ಜೊತೆಗೆ ಆ ಕುಟುಂಬದ ವಂಶವೃಕ್ಷವನ್ನೂ ಅಚ್ಚುಹಾಕಲಾಗಿತ್ತು. ಅದರಲ್ಲಿ 17 ವರ್ಷದ ಹುಡುಗನೊಬ್ಬನಿಗೆ ನಾಲ್ಕು ಮಕ್ಕಳು. ಹಿರಿಯ ಮಗುವಿಗೆ 8 ವರ್ಷ! ಲೆಕ್ಕ ಹಾಕಿದರೆ ಅವನು ಒಂಬತ್ತರ ಆಸುಪಾಸಿನಲ್ಲೇ ತಂದೆಯಾಗಿರಬೇಕು. ಇದು ಸಹಲೇಖಕರ ಕಣ್ಣಿಗೂ ಬೀಳಲಿಲ್ಲ, ಪತ್ರಿಕೆಯವರ ಕಣ್ಣಿಗೂ ಬೀಳಲಿಲ್ಲ. ಬರೆದಾತ ಜಾನ್ ಡಾರ್ಸಿ, ಹಾರ್ವರ್ಡ್‌ನಲ್ಲಿದ್ದ ಯುವ ಹೃದ್ರೋಗ ಸಂಶೋಧಕ. 1981ರಲ್ಲಿ ಆತ ಸುಳ್ಳು ದತ್ತಾಂಶ ಸೃಷ್ಟಿಸುತ್ತಿದ್ದುದನ್ನು ಸಹೋದ್ಯೋಗಿಗಳೇ ಪತ್ತೆಹಚ್ಚಿದರು. ಆತನ ಬರಹಗಳಿಗೆ ಹೆಸರು ಸೇರಿಸಿದ್ದ 47 ಸಹಲೇಖಕರನ್ನು ವಿಜ್ಞಾನಿಗಳಾದ ವಾಲ್ಟರ್ ಸ್ಟುವರ್ಟ್ ಮತ್ತು ನೆಡ್ ಫೆಡರ್ ಜಾಲಾಡಿ ಬರೆದ ಲೇಖನ, ಮಾನನಷ್ಟ ಮೊಕದ್ದಮೆಯ ಭಯದಿಂದ ವರ್ಷಗಟ್ಟಲೆ ತಡವಾಗಿ, 1987ರಲ್ಲಷ್ಟೇ ‘ನೇಚರ್’ನಲ್ಲಿ ಪ್ರಕಟವಾಯಿತು.

ವಂಚಿಸಿದವನು ಒಬ್ಬನೇ, ಸರಿ. ಓದದೆಯೇ ಹೆಸರು ಸೇರಿಸಿಕೊಂಡವರ ಹೊಣೆ ಏನು? ಸಂಶೋಧನಾ ಪತ್ರಿಕೆಗಳ ಲೇಖಕರಿಗೆ ಇಂದು ಇರುವ ನಿಯಮಗಳಲ್ಲಿ ಬಹುಪಾಲು ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಹುಟ್ಟಿದವು ಎಂಬುದು ನನ್ನ ನಂಬಿಕೆ.

1665ರಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಲಂಡನ್ನಿನಲ್ಲಿ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ವಿಜ್ಞಾನ ಪತ್ರಿಕೆ ಶುರುಮಾಡಿದ ಮೇಲೆ ಮೂರು ಶತಮಾನ ನಡೆದದ್ದು ಹೆಚ್ಚಾಗಿ ನಂಬಿಕೆಯ ಮೇಲೆಯೇ. ಒಮ್ಮೆ ಬೇರೆಡೆ ಪ್ರಕಟವಾದದ್ದನ್ನು ನಮಗೆ ಕಳಿಸಬೇಡಿ ಎಂದು 1969ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರ ಸಂಪಾದಕ ಫ್ರಾನ್ಸ್ ಇಂಗೆಲ್‌ಫಿಂಗರ್ ಕಟ್ಟುನಿಟ್ಟಾಗಿ ಹೇಳಿದರು. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿದ್ದು ಹಸ್ತಪ್ರತಿಯ ಸ್ವರೂಪ ಹೇಗಿರಬೇಕು ಎಂಬುದನ್ನು ಗೊತ್ತುಮಾಡಲು. ಡಾರ್ಸಿ ಹಗರಣದ ನಂತರ, 1985ರಲ್ಲಿ, ಅದೇ ಗುಂಪು ಲೇಖಕ ಎನಿಸಿಕೊಳ್ಳಲು ಯಾರು ಅರ್ಹರು ಎಂಬುದಕ್ಕೂ ಷರತ್ತುಗಳನ್ನು ಹಾಕಿತು. ಹಣ ತಂದುಕೊಟ್ಟ, ವಿಭಾಗದ ಮೇಲ್ವಿಚಾರಣೆ ಮಾಡಿದ ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ.

ಷರತ್ತು ಕಾಗದದಲ್ಲೇ ಉಳಿಯಿತು. 1994ರಲ್ಲಿ ಲಂಡನ್ನಿನ ವೈದ್ಯ ಮಾಲ್ಕಮ್ ಪಿಯರ್ಸ್, ಗರ್ಭಕೋಶದ ಹೊರಗೆ ನಿಂತ ಭ್ರೂಣವನ್ನು ಒಳಗೆ ಕೂರಿಸಿ ಹೆರಿಗೆ ಮಾಡಿಸಿದೆನೆಂದು ಬರೆದರು. ಅಂಥ ರೋಗಿಯೇ ಇರಲಿಲ್ಲ. ಅದರ ಸಹಲೇಖಕ ಜೆಫ್ರಿ ಚೇಂಬರ್ಲೇನ್. ಪ್ರಬಂಧ ಅಚ್ಚಾದ ಪತ್ರಿಕೆಗೂ ಅವರೇ ಸಂಪಾದಕ, ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿಗೂ ಅವರೇ ಅಧ್ಯಕ್ಷ. ತಮಗೂ ಆ ಕೆಲಸಕ್ಕೂ ಸಂಬಂಧವಿಲ್ಲ, ವಿಭಾಗದ ಮುಖ್ಯಸ್ಥರ ಹೆಸರು ಸೇರಿಸುವುದು ವಾಡಿಕೆ ಎಂಬುದು ಅವರ ಸಮಜಾಯಿಷಿ. ಈ ವಾಡಿಕೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದಿದವರಿಗೆ ಹೊಸದೇನಲ್ಲ. ಚೇಂಬರ್ಲೇನ್ ಎರಡೂ ಹುದ್ದೆ ಬಿಟ್ಟರು, ಪಿಯರ್ಸ್ ವೈದ್ಯವೃತ್ತಿಯ ನೋಂದಣಿಯನ್ನೇ ಕಳೆದುಕೊಂಡರು. ಇಂಥ ಪ್ರಕರಣಗಳಿಂದ ಕಂಗೆಟ್ಟ ಬ್ರಿಟಿಷ್ ಸಂಪಾದಕರು 1997ರಲ್ಲಿ ‘ಕೋಪ್’ ಎಂಬ ಪ್ರಕಟಣಾ ನೀತಿ ಸಮಿತಿ ಕಟ್ಟಿದರು.

ಅದೇ ವರ್ಷ ವೈದ್ಯಕೀಯ ಪತ್ರಿಕೆಯ ಸಂಪಾದಕ ಡ್ರಮಂಡ್ ರೆನ್ನಿ ಮತ್ತವರ ಸಂಗಡಿಗರು, ಲೇಖಕರ ಪಟ್ಟಿಯ ಬದಲು ಯಾರು ಯಾವ ಕೆಲಸ ಮಾಡಿದರೆಂದು ಬರೆಯಿರಿ ಎಂದರು. ‘ಕ್ರೆಡಿಟ್’ ಹೆಸರಿನ 14 ಪಾತ್ರಗಳ ಪಟ್ಟಿ ಆ ಯೋಚನೆಯ ಫಲ. ಅನೇಕ ಪತ್ರಿಕೆಗಳು ಈಗ ಅದನ್ನು ಕೇಳುತ್ತವೆ. 2013ರಲ್ಲಿ ವ್ಯಾಂಕೂವರ್ ಗುಂಪು ನಾಲ್ಕನೆಯ ಷರತ್ತು ಸೇರಿಸಿತು: ಪ್ರಬಂಧದ ಯಾವುದೇ ಭಾಗದ ಬಗ್ಗೆ ಪ್ರಶ್ನೆ ಎದ್ದರೆ, ಅದು ಬಗೆಹರಿಯುವಂತೆ ನೋಡಿಕೊಳ್ಳುವ ಹೊಣೆ ಪ್ರತಿ ಲೇಖಕನದು. ಎಲ್ಲಕ್ಕಿಂತ ತೂಕದ ಷರತ್ತು ಇದೇ. 2023ರಲ್ಲಿ ಚಾಟ್‌ಜಿಪಿಟಿಯನ್ನು ಸಹಲೇಖಕನಾಗಿ ಒಪ್ಪಲಾಗದೆಂದು ಪತ್ರಿಕೆಗಳು ಹೇಳಿದ್ದಕ್ಕೂ ಇದೇ ಆಧಾರ. ಯಂತ್ರ ಬರೆಯಬಲ್ಲದು, ಹೊಣೆ ಹೊರಲಾರದು.

ನಮ್ಮಲ್ಲಿ ಎಚ್ಚರ ಮೂಡಿದ್ದು ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಪ್ರಕರಣದಿಂದ. ಅವರು ಹಿಮಾಲಯದವೆಂದು ತೋರಿಸಿದ ಪಳೆಯುಳಿಕೆಗಳು ಬೇರೆ ದೇಶಗಳವು ಎಂದು ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ‘ನೇಚರ್’ನಲ್ಲಿ ಬಯಲುಮಾಡಿದರು. ಅಲ್ಲೂ ಸಹಲೇಖಕರ ದೊಡ್ಡ ಸಾಲೇ ಇತ್ತು. ಆದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹಿಡಿದ ದಾರಿ ಬೇರೆ. 2010ರ ನಿಯಮ ಬಡ್ತಿಗೆ ಪ್ರಬಂಧಗಳ ಅಂಕ ಎಣಿಸಿತು. ದುಡ್ಡು ಕೊಟ್ಟರೆ ಏನನ್ನೂ ಅಚ್ಚುಹಾಕುವ ಪತ್ರಿಕೆಗಳಿಗೆ ಸುಗ್ಗಿಯಾಯಿತು. 2018ರ ಕೃತಿಚೌರ್ಯ ನಿಯಮ ಹೋಲಿಕೆಯನ್ನು ಶೇ 10, 40, 60ರ ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಕದ್ದ ಸಾಲನ್ನು ತಂತ್ರಾಂಶ ಹಿಡಿದೀತು. ಕೆಲಸ ಮಾಡದವರ ಹೆಸರನ್ನು ಅದು ಹಿಡಿಯಲಾರದು. ಪಿಎಚ್‌ಡಿಗೆ ಮುನ್ನ ಪ್ರಬಂಧ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು 2022ರಲ್ಲಿ ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಅಧ್ಯಾಪಕರ ಬಡ್ತಿಯಲ್ಲಿ ಎಣಿಕೆಯ ಒತ್ತಡ ಮಾತ್ರ ಇಳಿದಿಲ್ಲ. ಅದು ಇರುವವರೆಗೆ ಪ್ರಬಂಧ ಮಾರುವ ಅಂಗಡಿಗಳೂ ಮುಚ್ಚುವುದಿಲ್ಲ. ಹಿಂದಾವಿ ಎಂಬ ಒಂದೇ ಪ್ರಕಾಶನದ 8,000ಕ್ಕೂ ಹೆಚ್ಚು ಪ್ರಬಂಧಗಳನ್ನು 2023ರಲ್ಲಿ ಹಿಂಪಡೆಯಬೇಕಾಯಿತು.

ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಇಷ್ಟೇ. ಯಾರ ಹೆಸರು, ಯಾವ ಕ್ರಮದಲ್ಲಿ ಎಂಬುದನ್ನು ಕೆಲಸ ಶುರುವಾಗುವಾಗಲೇ ವಿದ್ಯಾರ್ಥಿಯ ಜೊತೆ ಕೂತು ಬರೆದಿಡಿ. ಪ್ರಬಂಧ ಕಳಿಸುವ ಮೊದಲು ಅದರ ಪ್ರತಿ ಕೋಷ್ಟಕವನ್ನೂ ಓದಿ. ಓದಲು ಬಿಡುವಿಲ್ಲದಿದ್ದರೆ ನನ್ನ ಹೆಸರು ಬೇಡಪ್ಪ ಎಂದು ನೀವೇ ಹೇಳಿ. ಆ ಮಾತನ್ನು ವಿದ್ಯಾರ್ಥಿ ತಾನಾಗಿ ನಿಮಗೆ ಹೇಳಲಾರ.