ಕಟ್ಟಿಗಿ ಹ್ಯಾಟಿ, ಕಾಡಿನ ಹುಂಜ

ಅಮೆರಿಕಾದಾಗ ವಸಂತ ಬಂತಂದ್ರ ಕಾಡು ಟರ್ಕಿ ಹುಂಜ ಹ್ಯಾಟಿ ಕರೀಲಿಕ್ಕೆ ಗಂಟಲು ಹರಕೊಂಡು ಕೂಗ್ತದ. ಬೇಟಿಗಾರ ಕಟ್ಟಿಗಿಯಾಗ ಕೆತ್ತಿದ ಹ್ಯಾಟಿ ನಿಲ್ಲಿಸಿ, ಗಿಡದ ಬುಡಕ್ಕ ಸುಮ್ಮನ ಕೂಡ್ತಾನ. ಹುಂಜ ನಂಬಿ ಬರ್ತದ.

ಈ ಸೋಗು ಇವತ್ತಿಂದಲ್ಲ ನೋಡ್ರಿ. 1924ರಾಗ ನೆವಾಡಾದ ಲವ್‌ಲಾಕ್ ಗವಿಯೊಳಗ ಜೊಂಡಿನಿಂದ ಮಾಡಿದ 11 ಬಾತುಕೋಳಿ ಸಿಕ್ಕವು. ಅವಕ್ಕ ಸುಮಾರು 2000 ವರ್ಷ! ನಾವು ಚಾಪಿ ಹೆಣಿಯೂ ಹಂಗ ಅಲ್ಲಿಯ ಮೂಲನಿವಾಸಿಗಳು ಹಕ್ಕಿ ಹೆಣದಿದ್ರು. ಮುಂದ ಕಟ್ಟಿಗಿ ಬಂತು. ಮೇರಿಲ್ಯಾಂಡಿನ ಕ್ರಿಸ್‌ಫೀಲ್ಡದಾಗ ಲೆಮ್, ಸ್ಟೀವ್ ವಾರ್ಡ್ ಅನ್ನೂ ಅಣ್ಣತಮ್ಮರು ಕ್ಷೌರದ ಅಂಗಡಿ ನಡಸ್ಕೋತನ ಬಾತುಕೋಳಿ ಕೆತ್ತಿ ಹೆಸರಾದ್ರು.

ಟರ್ಕಿ ಕತಿ ಬ್ಯಾರೆ. ಬಾತುಕೋಳಿ ಗೊಂಬಿ ನೀರಾಗ ತೇಲ್ತದ. ಟರ್ಕಿ ಗೊಂಬಿ ಹೆಗಲ ಮ್ಯಾಲೆ ಹೊತ್ತು ಕಾಡಿಗೆ ಒಯ್ಯಬೇಕು. ಹಗುರ ಕಟ್ಟಿಗಿ ಹುಡುಕಬೇಕು, ಇಲ್ಲಾ ಒಳಗ ಟೊಳ್ಳು ಮಾಡಬೇಕು. ಅದಕ್ಕಿಂತ ದೊಡ್ಡ ತೊಡಕಂದ್ರ, ಹಕ್ಕಿನ ಇರಲಿಲ್ಲ! ಕಾಡು ಕಡದು, ಮಿತಿ ಇಲ್ಲದ ಬೇಟಿಯಾಡಿ, 1900ರ ಹೊತ್ತಿಗೆ ಎಷ್ಟೋ ರಾಜ್ಯದಾಗ ಕಾಡು ಟರ್ಕಿ ಅಳದು ಹೋಗಿತ್ತು. 1950ರ ದಶಕದಿಂದ, ಉಳಿದ ಹಕ್ಕಿಗಳನ್ನ ಬಲಿ ಹಾರಿಸಿ ಹಿಡದು, ಖಾಲಿ ಕಾಡಿಗೆ ಒಯ್ದು ಬಿಟ್ರು. ವಸಂತದ ಬೇಟಿ ಬಹಳ ಕಡೆ ಹುಂಜಕ್ಕಷ್ಟ. ಮೊಟ್ಟಿ ಇಡೂ ಹ್ಯಾಟಿ ಉಳೀಬೇಕಲ್ಲ.

ಈಗ ಪ್ಲಾಸ್ಟಿಕ್ ಗೊಂಬಿ ಸಿಗ್ತಾವ. ಆದ್ರೂ ಕೆಲವರು ಉಳಿ ಬಿಟ್ಟಿಲ್ಲ. ನನಗ ಬೇಟಿ ಸೇರೂದಿಲ್ಲ, ಖರೇ. ಆದ್ರ ಕತ್ತು ಹೆಂಗ ಬಾಗ್ತದ, ರೆಕ್ಕಿ ಹೆಂಗ ಮಡಚ್ತದ ಅಂತ ನೋಡಿ ನೋಡಿ ಕೆತ್ತೂ ಕೈ ಮ್ಯಾಲೆ ಗೌರವ ಅದ. ಹಕ್ಕಿನ ತಿರುಗಿ ಬರದಿದ್ರ, ಆ ಕೈ ಯಾವುದನ್ನ ನೋಡಿ ಕೆತ್ತಬೇಕಿತ್ತು?