ವೀಡ್ ಕಟರ್ ನಟ್ಟು-ಬೋಲ್ಟಿಗೆ ಅಲೆದಾಟವೇ? ಕಂಪನಿ ಹೆಸರು ಬಿಡಿ, ಅಳತೆ ಹೇಳಿ

ಮಳೆ ಹಿಡಿದರೆ ಸಾಕು, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ತೋಟಗಳಲ್ಲಿ ಕಳೆ ಕೊಚ್ಚುವ ಮಿಷಿನ್ ಸದ್ದು ಶುರು. ಉದುರಡಿಕೆ ಹೆಕ್ಕಬೇಕು, ಕೊನೆಕೊಯ್ಲಿಗೆ ಮುಂಚೆ ತೋಟ ಹಸನಾಗಬೇಕು. ಆಳು ಸಿಗದ ಈ ಕಾಲದಲ್ಲಿ ಮಿಷಿನ್ ಒಂದು ವಾರ ಮೂಲೆ ಸೇರಿದರೆ ಹುಲ್ಲು ಮೊಣಕಾಲು ದಾಟುತ್ತೆ.

ಮಿಷಿನ್ ನಿಲ್ಲೋದಕ್ಕೆ ಎಂಜಿನ್ನೇ ಹಾಳಾಗಬೇಕು ಅಂತೇನಿಲ್ಲ. ಗಾರ್ಡಿನ ಬೋಲ್ಟ್ ಬಿದ್ದುಹೋಗಿರುತ್ತೆ, ಸ್ಟಾರ್ಟರ್ ಹಗ್ಗ ತುಂಡಾಗಿರುತ್ತೆ, ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿರುತ್ತೆ, ಇಲ್ಲ ಒಂದು ಬೇರಿಂಗ್ ಹೋಗಿರುತ್ತೆ. ಅಂಗಡಿಗೆ ಹೋಗಿ ಮಿಷಿನ್ ಕಂಪನಿ ಹೆಸರು ಹೇಳಿದ್ರೆ 'ನಮ್ಮಲ್ಲಿ ಇಲ್ಲ, ತರಿಸಬೇಕು' ಅನ್ನೋ ಉತ್ತರ ಬರುತ್ತೆ. ಅದೇ ಸಾಮಾನನ್ನು ಅಳತೆ ಹೇಳಿ ಕೇಳಿದ್ರೆ ಪಕ್ಕದ ಹಾರ್ಡ್‌ವೇರ್ ಅಂಗಡಿಯ ಡಬ್ಬದಲ್ಲೇ ಸಿಗಬಹುದು.

ಯಾವ ಸಾಮಾನು ಎಲ್ಲಿ ಅಗ್ಗಕ್ಕೆ ಸಿಗುತ್ತೆ, ಅದರ ಅಳತೆ ಹೇಗೆ ತೆಗೆಯಬೇಕು, ಯಾವುದರಲ್ಲಿ ಕಾಸು ಉಳಿಸಲು ಹೋಗಲೇಬಾರದು ಎನ್ನುವ ಮಾಹಿತಿ ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಮಿಷಿನ್ ಇನ್ನೂ ವಾರಂಟಿಯಲ್ಲಿದ್ದರೆ ಬಿಚ್ಚಬೇಡಿ, ಮಾರಿದ ಡೀಲರ್ ಬಳಿಯೇ ಒಯ್ಯಿರಿ.

ಬೋಲ್ಟ್ ಅಳತೆ ತೆಗೆಯುವುದು ಹೀಗೆ

ವೀಡ್ ಕಟರ್‌ಗಳಲ್ಲಿ ಬರುವ ಬೋಲ್ಟ್‌ಗಳು ಹೆಚ್ಚಿನವು ಮೆಟ್ರಿಕ್ ಅಳತೆಯವು. ಎಂ5, ಎಂ6, ಎಂ8 ಈ ಮೂರೇ ಮುಕ್ಕಾಲು ಪಾಲು ಕೆಲಸಕ್ಕೆ ಬರುತ್ತವೆ. 'ಎಂ' ಮುಂದಿನ ಅಂಕಿ ಅಂದ್ರೆ ಥ್ರೆಡ್ಡಿನ ಹೊರ ದಪ್ಪ, ಮಿಲಿಮೀಟರಿನಲ್ಲಿ. ತಲೆಯ ಸೈಜ್ ಅಲ್ಲ. '10ರ ಬೋಲ್ಟ್ ಕೊಡಿ' ಅಂತ ಸ್ಪ್ಯಾನರ್ ನಂಬರ್ ಹೇಳಿ ಕೇಳುವವರು ಬಹಳ. 10ರ ಸ್ಪ್ಯಾನರ್ ಕೂರುವುದು ಸಾಮಾನ್ಯವಾಗಿ ಎಂ6 ಬೋಲ್ಟಿಗೆ. ಗೊಂದಲ ಶುರುವಾಗೋದು ಇಲ್ಲೇ.

ಅಂಗಡಿಗೆ ಹೋಗುವ ಮುಂಚೆ ಮೂರು ಅಳತೆ ಬರೆದುಕೊಳ್ಳಿ: ದಪ್ಪ, ಉದ್ದ, ಪಿಚ್.

ಉದ್ದವನ್ನು ತಲೆಯ ಕೆಳಗಿನಿಂದ ತುದಿವರೆಗೆ ಅಳೆಯಬೇಕು. ತಲೆ ಒಳಗೆ ಇಳಿದು ಸಮ ಕೂರುವ ಕೌಂಟರ್‌ಸಂಕ್ ಸ್ಕ್ರೂ ಆದ್ರೆ ಮಾತ್ರ ತಲೆ ಸೇರಿಸಿ ಅಳೆಯೋದು.

ಪಿಚ್ ಅಂದ್ರೆ ಒಂದು ಥ್ರೆಡ್ಡಿನಿಂದ ಪಕ್ಕದ ಥ್ರೆಡ್ಡಿಗೆ ಇರುವ ಅಂತರ. ಇದಕ್ಕೆ ಗೇಜ್ ಬೇಕೆಂದಿಲ್ಲ, ಮಕ್ಕಳ ಸ್ಕೇಲ್ ಸಾಕು. ಒಂದು ಥ್ರೆಡ್ಡಿನ ತುದಿಯಿಂದ ಶುರು ಮಾಡಿ ಹತ್ತು ಥ್ರೆಡ್ ಮುಂದಕ್ಕೆ ಎಷ್ಟು ಮಿ.ಮೀ. ಆಗುತ್ತೆ ನೋಡಿ, ಹತ್ತರಿಂದ ಭಾಗಿಸಿ. ಬೋಲ್ಟ್ ಚಿಕ್ಕದಾಗಿದ್ದರೆ ಐದೇ ಥ್ರೆಡ್ ಅಳೆದು ಐದರಿಂದ ಭಾಗಿಸಿ.

ಕೈಗಾವಲಿಗೆ ಈ ಪಟ್ಟಿ ಇಟ್ಟುಕೊಳ್ಳಿ:

– ಎಂ5: ಪಿಚ್ 0.8. ಹತ್ತು ಥ್ರೆಡ್ 8 ಮಿ.ಮೀ. ಸ್ಪ್ಯಾನರ್ 8, ಅಲೆನ್ ಕೀ 4.
– ಎಂ6: ಪಿಚ್ 1. ಹತ್ತು ಥ್ರೆಡ್ 10 ಮಿ.ಮೀ. ಸ್ಪ್ಯಾನರ್ 10, ಅಲೆನ್ ಕೀ 5.
– ಎಂ8: ಪಿಚ್ 1.25. ಹತ್ತು ಥ್ರೆಡ್ 12.5 ಮಿ.ಮೀ. ಸ್ಪ್ಯಾನರ್ 13, ಜಪಾನ್ ಮಾದರಿಯವಕ್ಕೆ 12. ಅಲೆನ್ ಕೀ 6.

ಹಳೇ ಬೋಲ್ಟ್ ಇದ್ದರೆ ಜೇಬಿಗೆ ಹಾಕ್ಕೊಂಡೇ ಹೋಗಿ. ಬಿದ್ದುಹೋಗಿದ್ದರೆ ಅದೇ ಸಾಲಿನ ಇನ್ನೊಂದು ಬೋಲ್ಟ್ ಬಿಚ್ಚಿ ಒಯ್ಯಿರಿ. ಹೊಸದನ್ನು ಕೂರಿಸುವಾಗ ಮೊದಲ ಮೂರು-ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಬೇಕು. ಬೆರಳಿಗೆ ಬಗ್ಗದ್ದನ್ನು ಸ್ಪ್ಯಾನರ್ ಹಾಕಿ ಬಗ್ಗಿಸಲು ಹೋದ್ರೆ ಅಲ್ಯೂಮಿನಿಯಂ ಬಾಡಿಯ ಥ್ರೆಡ್ ಹೋಗುತ್ತೆ. ಚಿಲ್ಲರೆ ಖರ್ಚಿನ ಕೆಲಸ ಆಮೇಲೆ ಲೇತ್ ಅಂಗಡಿವರೆಗೆ ಎಳೆಯುತ್ತೆ.

ತಲೆ ಮೇಲಿನ ಅಂಕಿ ನೋಡಿ

ನೋಡೋಕೆ ಒಂದೇ ಥರ ಇರೋ ಎರಡು ಬೋಲ್ಟ್‌ಗಳ ಬಲ ಒಂದೇ ಅಲ್ಲ. ತಲೆ ಮೇಲೆ 8.8 ಅಂತ ಇದ್ದರೆ ಅದು ಗಟ್ಟಿ ಉಕ್ಕಿನದು. 4.6 ಎಂದಿದ್ದರೆ ಹೆಚ್ಚುಕಡಿಮೆ ಅದರ ಅರ್ಧ ಬಲ. ಕಪ್ಪು ಬಣ್ಣದ ಅಲೆನ್ ಬೋಲ್ಟ್‌ಗಳು ಸಾಮಾನ್ಯವಾಗಿ 12.9. ಏನೂ ಗುರುತಿಲ್ಲದ ಬೋಲ್ಟನ್ನು ಗೇಟಿನ ಕೀಲಿಗೆ ಹಾಕಿ, ಮಿಷಿನಿಗೆ ಬೇಡ. ಕ್ಲಚ್ ಹೌಸಿಂಗ್, ಗೇರ್ ಹೆಡ್, ಹ್ಯಾಂಡಲ್ ಹಿಡಿಕೆ, ಗಾರ್ಡ್ ಈ ಜಾಗಕ್ಕೆ 8.8ಕ್ಕಿಂತ ಕಡಿಮೆ ಬೇಡವೇ ಬೇಡ. ಬೆಲೆಯಲ್ಲಿ ವ್ಯತ್ಯಾಸ ಅಲ್ಪ.

'ಮಳೆಗೆ ತುಕ್ಕು ಹಿಡಿಯಲ್ಲ, ಸ್ಟೀಲಿಂದೇ ಕೊಡಿ' ಅನ್ನುವವರಿಗೊಂದು ಮಾತು. ಅಂಗಡಿಯಲ್ಲಿ ಸಿಗುವ 304 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ತುಕ್ಕಿಗೆ ಒಳ್ಳೇದು, ಆದ್ರೆ ಬಲದಲ್ಲಿ 8.8ಕ್ಕಿಂತ ಕಡಿಮೆ. ಮೇಲಾಗಿ ಅಲ್ಯೂಮಿನಿಯಂ ಜೊತೆ ನೀರು ಸೇರಿದ್ರೆ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತೆ. ಜಿಂಕ್ ಲೇಪನದ 8.8 ಬೋಲ್ಟ್ ತಗೊಂಡು, ಥ್ರೆಡ್ಡಿಗೆ ಚೂರು ಗ್ರೀಸ್ ಸವರಿ ಹಾಕೋದು ಉತ್ತಮ.

ನಡುಗಿ ನಡುಗಿ ಸಡಿಲ ಆಗುವ ಜಾಗಕ್ಕೆ ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ಟು ಹಾಕಿ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕೋದು ಬೇಡ, ಹಿಡಿತ ಹೋಗಿರುತ್ತೆ. ಸೈಲೆನ್ಸರ್ ಬಳಿ ಮಾತ್ರ ನೈಲಾಕ್ ಬೇಡ, ಬಿಸಿಗೆ ನೈಲಾನ್ ಮೆತ್ತಗಾಗುತ್ತೆ. ಅಲ್ಲಿಗೆ ಪೂರ್ತಿ ಲೋಹದ ಲಾಕ್ ನಟ್ಟು ಅಥವಾ ಸ್ಪ್ರಿಂಗ್ ವಾಷರ್ ಸರಿ.

ಬ್ಲೇಡಿನ ನಟ್ಟು: ಇಲ್ಲಿ ಉಳಿತಾಯ ಬೇಡ

ಬ್ಲೇಡ್ ಹಿಡಿದಿರುವ ನಟ್ಟು ಎಡ ಥ್ರೆಡ್ಡಿನದು. ಕೆಲಸದಲ್ಲಿ ತಾನಾಗಿ ಸಡಿಲ ಆಗದಿರಲಿ ಅಂತಲೇ ಹಾಗೆ ಮಾಡಿರೋದು. ಬಿಚ್ಚಲು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಉಲ್ಟಾ ತಿರುಗಿಸಿ, ಪೈಪ್ ಹಾಕಿ ಜಗ್ಗಿ, ಶಾಫ್ಟಿನ ಥ್ರೆಡ್ಡೇ ಹಾಳಾಗುವುದುಂಟು.

ಈ ನಟ್ಟು ಬಹಳಷ್ಟು ಮಿಷಿನ್‌ಗಳಲ್ಲಿ ಎಂ10, ಪಿಚ್ 1.25, ಎಡ ಥ್ರೆಡ್. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಎಂ10 ನಟ್ಟು ಬಲ ಥ್ರೆಡ್, ಪಿಚ್ 1.5. ಅದು ಯಾವ ಲೆಕ್ಕಕ್ಕೂ ಇಲ್ಲಿ ಕೂರಲ್ಲ. ವೆಲ್ಡ್ ಮಾಡಿಸುವುದು, ತಂತಿ ಸುತ್ತುವುದು ಯಾವುದೂ ಬೇಡ. ಕೃಷಿ ಯಂತ್ರದ ಬಿಡಿಭಾಗದ ಅಂಗಡಿಯಲ್ಲಿ 'ಎಂ10, 1.25, ಲೆಫ್ಟ್' ಅಂತ ಕೇಳಿ. ಒಂದರ ಬದಲು ಎರಡು ತಗೊಂಡು ಇಟ್ಟುಕೊಳ್ಳಿ.

ಬ್ಲೇಡ್ ಕೊಳ್ಳುವಾಗ ನಡುವಿನ ತೂತು ನೋಡಿ. 25.4 ಮಿ.ಮೀ. ಅಂದ್ರೆ ಒಂದು ಇಂಚಿನದು, 20 ಮಿ.ಮೀ.ನದು, ಎರಡೂ ಮಾರುಕಟ್ಟೆಯಲ್ಲಿವೆ. 20ರ ಕಾಲರಿಗೆ 25.4ರ ಬ್ಲೇಡ್ ಹಾಕಿದ್ರೆ ನಡುವಿಗೆ ಕೂರದೆ ಒಂದು ಬದಿಗೆ ಸರಿಯುತ್ತೆ. ಮಿಷಿನ್ ಗಡಗಡ ನಡುಗುತ್ತೆ, ಬೇರಿಂಗ್ ಹೋಗುತ್ತೆ. ಬ್ಲೇಡ್ ಮೇಲೆ ಬರೆದಿರುವ ಗರಿಷ್ಠ ಆರ್‌ಪಿಎಂ ನಿಮ್ಮ ಮಿಷಿನ್ ತಿರುಗುವ ವೇಗಕ್ಕಿಂತ ಹೆಚ್ಚಿರಲೇಬೇಕು. ಬಿರುಕು ಬಿಟ್ಟ ಬ್ಲೇಡನ್ನು ವೆಲ್ಡ್ ಮಾಡಿಸಿ ಹಾಕಬೇಡಿ.

ಗಾರ್ಡಿನ ಬೋಲ್ಟ್ ಬಿದ್ದುಹೋದ್ರೆ ಗಾರ್ಡನ್ನೇ ಬಿಚ್ಚಿಟ್ಟು ಹುಲ್ಲು ಹೊಡೆಯುವವರಿದ್ದಾರೆ. ಎರಡು ಬೋಲ್ಟಿನ ಕೆಲಸ ಅದು. ಬ್ಲೇಡಿಗೆ ಸಿಕ್ಕ ಕಲ್ಲು ನೇರ ಕಾಲಿಗೋ ಕಣ್ಣಿಗೋ ಬರುತ್ತೆ. ಮಿಷಿನ್ ನಡೆಯುವಾಗ ಬೇರೆಯವರು 15 ಮೀಟರ್ ದೂರ ಇರಬೇಕು ಅಂತ ಕಂಪನಿಗಳ ಕೈಪಿಡಿಗಳಲ್ಲೇ ಬರೆದಿರುತ್ತೆ, ಅದೂ ಗಾರ್ಡ್ ಇದ್ದಾಗ.

ಪೂರ್ತಿ ಸೆಟ್ ಬೇಡ, ಒಳಗಿನದ್ದು ಕೇಳಿ

ದುಡ್ಡು ಹೆಚ್ಚು ಉಳಿಯೋದು ಇಲ್ಲಿ. ಸ್ಟಾರ್ಟರ್ ಹಗ್ಗ ತುಂಡಾದ್ರೆ ಪೂರ್ತಿ ಸ್ಟಾರ್ಟರ್ ಸೆಟ್ ಬದಲಿಸಬೇಕಿಲ್ಲ. ಹೆಣೆದ ನೈಲಾನ್ ಹಗ್ಗ, 3ರಿಂದ 3.5 ಮಿ.ಮೀ. ದಪ್ಪದ್ದು, ಹಳೆಯದರಷ್ಟೇ ಉದ್ದ ಸಾಕು. ತುದಿ ಸುಟ್ಟು ಗಂಟು ಹಾಕಿ. ಬಟ್ಟೆ ಒಣಗಿಸುವ ಪ್ಲಾಸ್ಟಿಕ್ ಹಗ್ಗ ಹಾಕಿದ್ರೆ ಉಜ್ಜಿ ಉಜ್ಜಿ ಬೇಗ ಹೋಗುತ್ತೆ. ಒಳಗಿನ ಸ್ಪ್ರಿಂಗ್ ಬಿಚ್ಚುವಾಗ ಚಿಮ್ಮುತ್ತೆ, ಮುಖ ದೂರ ಇರಲಿ.

ಕ್ಲಚ್ ಡ್ರಮ್ ಅಥವಾ ಗೇರ್ ಹೆಡ್ ಕಿರ್ ಅಂದ್ರೆ ಮೊದಲು ಬೇರಿಂಗ್ ನೋಡಿ. ಅದರ ಅಂಚಿನಲ್ಲಿ ನಂಬರ್ ಕೊರೆದಿರುತ್ತೆ: 6000, 6001, 6201, 6202 ಇಂಥವು. ಈ ನಂಬರ್ ಎಲ್ಲ ಕಂಪನಿಗೂ ಒಂದೇ. 6202 ಅಂದ್ರೆ ಒಳಗೆ 15, ಹೊರಗೆ 35, ದಪ್ಪ 11 ಮಿ.ಮೀ., ಯಾರೇ ಮಾಡಿರಲಿ. ಬೈಕ್ ಬಿಡಿಭಾಗದ ಅಂಗಡಿ, ಮೋಟಾರ್ ವೈಂಡಿಂಗ್ ಅಂಗಡಿ ಎರಡರಲ್ಲೂ ಸಿಗುತ್ತೆ. ನಂಬರಿನ ಮುಂದೆ 2ಆರ್‌ಎಸ್ ಅಂತಿದ್ದರೆ ಎರಡೂ ಬದಿ ರಬ್ಬರ್ ಸೀಲ್, ಝಡ್‌ಝಡ್ ಅಂತಿದ್ದರೆ ತಗಡಿನ ಮುಚ್ಚಳ. ಹಳೆಯದರಲ್ಲಿ ಯಾವುದಿತ್ತೋ ಅದೇ ಇರಲಿ.

ಗೇರ್ ಹೆಡ್ ಪೂರ್ತಿ ಬದಲಿಸಲೇಬೇಕಾದ್ರೆ ಎರಡು ಲೆಕ್ಕ ಬೇಕು: ಉದ್ದ ಪೈಪಿನ ಹೊರ ವ್ಯಾಸ ಎಷ್ಟು (26 ಮತ್ತು 28 ಮಿ.ಮೀ. ಹೆಚ್ಚು ಬಳಕೆಯವು), ಒಳಗಿನ ಶಾಫ್ಟಿಗೆ ಹಲ್ಲು ಎಷ್ಟು (7 ಅಥವಾ 9). ಎರಡೂ ತಾಳೆಯಾದರೆ ಬೇರೆ ಕಂಪನಿಯದ್ದೂ ಕೂರುವುದುಂಟು. ದುಡ್ಡು ಕೊಡುವ ಮುಂಚೆ ಒಮ್ಮೆ ತೂರಿಸಿ ನೋಡಿ.

ಪ್ಲಗ್ಗಿನ ಮೇಲೆ ನಂಬರ್ ಇರುತ್ತೆ, ಅದನ್ನೇ ಕೇಳಿ. ಅನೇಕ ಟು-ಸ್ಟ್ರೋಕ್ ಮಿಷಿನ್‌ಗಳಿಗೆ 14 ಮಿ.ಮೀ. ಥ್ರೆಡ್ಡಿನ ಬಿಪಿಎಂಆರ್7ಎ, ಹೋಂಡಾ ಜಿಎಕ್ಸ್35ರಂಥ ಫೋರ್-ಸ್ಟ್ರೋಕ್ ಎಂಜಿನ್‌ಗೆ 10 ಮಿ.ಮೀ.ನ ಸಿಎಂಆರ್5ಎಚ್. ಥ್ರೆಡ್ ಹಿಡಿಯಿತು ಅಂತ ಬೈಕಿನ ಪ್ಲಗ್ ಹಾಕಬೇಡಿ. ಉದ್ದ ಹೆಚ್ಚಾದ್ರೆ ಪಿಸ್ಟನ್ ಬಂದು ಬಡಿಯುತ್ತೆ.

ಪೆಟ್ರೋಲ್ ಪೈಪಿಗೆ ಅಕ್ವೇರಿಯಂ ಪೈಪ್, ಡ್ರಿಪ್ ಪೈಪ್ ಹಾಕಿದ್ರೆ ಕೆಲವೇ ದಿನದಲ್ಲಿ ಕಲ್ಲಿನಂತಾಗಿ ಒಡೆಯುತ್ತೆ. ಇಂಧನಕ್ಕೆಂದೇ ಮಾಡಿದ ಪೈಪ್ ಬೇಕು. ಈಗ ಬಂಕ್‌ಗಳಲ್ಲಿ ಸಿಗುತ್ತಿರುವುದು ಇ20, ಅಂದ್ರೆ ಶೇ. 20ರವರೆಗೆ ಎಥನಾಲ್ ಇರುವ ಪೆಟ್ರೋಲ್. ಎಥನಾಲ್ ನೀರು ಹೀರುತ್ತೆ, ಹಳೇ ರಬ್ಬರನ್ನು ಕೆಡಿಸುತ್ತೆ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಕಾರ್ಬುರೇಟರ್ ಹಠ ಹಿಡಿದ್ರೂ ಮೊದಲು ಒಳಗಿನ ಡಯಾಫ್ರಾಮ್ ಕಿಟ್ ಬದಲಿಸಿ ನೋಡಿ.

ಥ್ರೆಡ್ ಹೋಗಿದ್ದರೆ ಬಾಡಿ ಎಸೆಯಬೇಡಿ

ಎಂ5 ಥ್ರೆಡ್ ಹೋಗಿದ್ದರೆ, ಸುತ್ತ ಲೋಹ ಸಾಕಷ್ಟಿದ್ದರೆ, 5 ಮಿ.ಮೀ. ಡ್ರಿಲ್ ಹಾಕಿ ಎಂ6 ಟ್ಯಾಪ್ ಹೊಡೆಸಬಹುದು. ಎಂ6 ಹೋದ್ರೆ 6.8 ಡ್ರಿಲ್ ಮಾಡಿ ಎಂ8. ಜಾಗ ಇಲ್ಲದಿದ್ದರೆ ಸ್ಪ್ರಿಂಗಿನ ಥರ ಇರುವ ಥ್ರೆಡ್ ಇನ್ಸರ್ಟ್ ಹಾಕಿಸಿ, ಹಳೇ ಸೈಜಿನ ಬೋಲ್ಟೇ ನಡೆಯುತ್ತೆ. ಬೈಕ್ ಎಂಜಿನ್ ಕೆಲಸ ಮಾಡುವ ಲೇತ್ ಅಂಗಡಿಯವರಿಗೆ ಇದು ಪರಿಚಿತ ಕೆಲಸ.

ಹುಲ್ಲುಹಾಸಿನ ಯಂತ್ರ ಇರುವವರಿಗೆ

ಶಾಲೆ ಮೈದಾನ, ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ತಳ್ಳುವ ಲಾನ್ ಮೂವರ್ ಇರುತ್ತೆ. ಇದರಲ್ಲಿ ಒಂದು ವಿಷಯ ಗಮನಿಸಬೇಕು. ಎಂಜಿನ್ ಅಮೆರಿಕದ ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್‌ನದಾಗಿದ್ದರೆ ಇಂಚಿನ ಥ್ರೆಡ್ ಇರಬಹುದು. 5/16 ಇಂಚಿನ ಬೋಲ್ಟ್ 7.94 ಮಿ.ಮೀ., ಕಣ್ಣಿಗೆ ಎಂ8 ಅಂತಲೇ ಕಾಣುತ್ತೆ. ಮೇಲೆ ಹೇಳಿದ ಹತ್ತು ಥ್ರೆಡ್ ಲೆಕ್ಕ ಹಾಕಿ. 12.5 ಮಿ.ಮೀ. ಬಂದರೆ ಎಂ8, 14ರ ಆಸುಪಾಸು ಬಂದರೆ ಇಂಚಿನದು.

ಬ್ಲೇಡ್ ಕಲ್ಲಿಗೆ ಬಡಿದ ಮೇಲೆ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಫ್ಲೈವೀಲ್ ಕೀ ತುಂಡಾಗಿರಬಹುದು. ಸಣ್ಣ ಅಲ್ಯೂಮಿನಿಯಂ ತುಣುಕು ಅದು. ತಾನು ಮುರಿದು ಶಾಫ್ಟನ್ನು ಉಳಿಸಲೆಂದೇ ಮೆದುವಾಗಿ ಮಾಡಿರುತ್ತಾರೆ. ಗಟ್ಟಿ ಇರಲಿ ಅಂತ ಉಕ್ಕಿನದು ಮಾಡಿಸಿದ್ರೆ ಮುಂದಿನ ಪೆಟ್ಟು ಶಾಫ್ಟಿಗೇ.

ಬೆಲ್ಟ್ ಇರುವ ಮಾದರಿಗೆ ಬೆಲ್ಟಿನ ಮೇಲಿನ ಅಕ್ಷರ, ಅಂಕಿ ಓದಿ. 'ಎ' ಅಂದ್ರೆ 13 ಮಿ.ಮೀ. ಅಗಲ, 'ಬಿ' ಅಂದ್ರೆ 17. ಮುಂದಿನ ಅಂಕಿ ಇಂಚಿನಲ್ಲಿ ಒಳ ಉದ್ದ. ಹಿಟ್ಟಿನ ಗಿರಣಿಗೆ ಬೆಲ್ಟ್ ಮಾರುವ ಅಂಗಡಿಯಲ್ಲೇ ಕೇಳಿ ನೋಡಿ.

ಅಂಗಡಿಯವರಿಗೆ ಎರಡು ಮಾತು

ಮೇ ತಿಂಗಳಲ್ಲೇ ಇಷ್ಟು ತರಿಸಿಟ್ಟರೆ ಮಳೆಗಾಲದಲ್ಲಿ ಗಿರಾಕಿ ವಾಪಸ್ ಹೋಗಲ್ಲ: ಎಂ5 ಮತ್ತು ಎಂ6 ಅಲೆನ್ ಬೋಲ್ಟ್ 16ರಿಂದ 30 ಮಿ.ಮೀ. ಉದ್ದದವರೆಗೆ, ಎಂ6-ಎಂ8 ನೈಲಾಕ್ ನಟ್ಟು, ಸ್ಪ್ರಿಂಗ್ ವಾಷರ್, ಎಡ ಥ್ರೆಡ್ಡಿನ ಎಂ10 ನಟ್ಟು, ಸ್ಟಾರ್ಟರ್ ಹಗ್ಗ, ಇಂಧನ ಪೈಪ್, ಮೇಲಿನ ಎರಡು ಪ್ಲಗ್, ನಾಲ್ಕು ನಂಬರಿನ ಬೇರಿಂಗ್. ಬೆಂಗಳೂರಿನ ಎಸ್‌ಪಿ ರಸ್ತೆ, ಜೆಸಿ ರಸ್ತೆಯಿಂದ ತರಿಸುವವರು ಬೋಲ್ಟನ್ನು ಬಿಡಿಯಾಗಿ ಬದಲು ಬಾಕ್ಸ್ ಲೆಕ್ಕದಲ್ಲಿ ಕೇಳಿದ್ರೆ ದರ ಇಳಿಯುತ್ತೆ. 8.8 ಮತ್ತು ಗುರುತಿಲ್ಲದ ಬೋಲ್ಟ್‌ಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಗಿರಾಕಿಗೆ ವ್ಯತ್ಯಾಸ ಗೊತ್ತಾಗಲ್ಲ, ಮಿಷಿನಿಗೆ ಗೊತ್ತಾಗುತ್ತೆ.

ಮಿಷಿನ್ ಇಟ್ಟುಕೊಂಡವರು ಒಂದು ಹಳೇ ಡಬ್ಬದಲ್ಲಿ ನಾಲ್ಕು ಎಂ5, ನಾಲ್ಕು ಎಂ6, ಒಂದು ಬ್ಲೇಡ್ ನಟ್ಟು, ಒಂದು ಪ್ಲಗ್, ಎರಡು ಮೀಟರ್ ಹಗ್ಗ ಹಾಕಿಡಿ. ಮುಚ್ಚಳದ ಒಳಗೆ ಪೈಪ್ ವ್ಯಾಸ, ಹಲ್ಲಿನ ಲೆಕ್ಕ, ಬೇರಿಂಗ್ ನಂಬರ್, ಬ್ಲೇಡ್ ತೂತಿನ ಅಳತೆ ಬರೆದು ಅಂಟಿಸಿ. ಮುಂದಿನ ಸಲ ಪೇಟೆಗೆ ಯಾರೇ ಹೋಗಲಿ, ಆ ಚೀಟಿಯ ಫೋಟೊ ತೋರಿಸಿದ್ರೆ ಸಾಮಾನು ಸರಿಯಾದ್ದೇ ಬರುತ್ತೆ.